ತತ್‌ಕ್ಷಣ ಧ್ವನಿಸಂಸ್ಕರಣ: ಒಂದು ವೃತ್ತಿಯ ಪೂರ್ವಚರಿತ್ರೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಿಂದ ತಾಯಿಯೊಬ್ಬಳು ಬೆಂಗಳೂರಿನ ಮಗನೊಡನೆ ಮೊಬೈಲಿನಲ್ಲಿ ಮಾತನಾಡುವಾಗ, ಅವಳ ಧ್ವನಿಯು ಅಂಕಿಗಳಾಗಿ ಒಡೆದು, ಅತ್ತ ಕಡೆ ಪುನಃ ಧ್ವನಿಯಾಗಿ ರೂಪುಗೊಳ್ಳುತ್ತದೆ. ದೂರವಾಣಿಯ ರೂಢಿಯ ಪದ್ಧತಿಯಲ್ಲಿ ಸೆಕೆಂಡಿಗೆ 8,000 ಮಾದರಿಗಳು; 20 ಮಿಲಿಸೆಕೆಂಡಿನ ಒಂದೊಂದು ತುಣುಕಿನಲ್ಲಿ 160 ಅಂಕಿಗಳು. ಗದ್ದಲವನ್ನು ತಗ್ಗಿಸುವುದು, ಪ್ರತಿಧ್ವನಿಯನ್ನು ಅಳಿಸುವುದು, ದಾರಿಯಲ್ಲಿ ಕಳೆದ ತುಣುಕನ್ನು ಊಹಿಸಿ ತುಂಬುವುದು, ಇವೆಲ್ಲವೂ ಮುಂದಿನ ತುಣುಕು ಬರುವಷ್ಟರೊಳಗೆ ಮುಗಿಯತಕ್ಕದ್ದು. ಈ ಕ್ರಮವನ್ನು ರಚಿಸುವುದೇ ಧ್ವನಿಸಂಸ್ಕರಣದ ಹಿರಿಯ ಸಾಫ್ಟ್‌ವೇರ್ ಇಂಜಿನಿಯರರ ವೃತ್ತಿ.

ಕರ್ನಾಟಕದಲ್ಲಿ ಇಂತಹ ವೃತ್ತಿಗಳ ಚರಿತ್ರೆಯನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿಗೆ ಬಂದ 1985ರಿಂದ ಆರಂಭಿಸುವುದುಂಟು. ಅದು ಅಪೂರ್ಣವೆಂಬುದೇ ಪ್ರಸ್ತುತ ಲೇಖನದ ಅಭಿಪ್ರಾಯ. ಇದರ ಬೇರುಗಳು ಅಧ್ಯಾಪಕರ ಕೋಣೆಗಳಲ್ಲಿವೆ.

1935ರಲ್ಲಿ ಮೈಸೂರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ನಿವಾಸದಲ್ಲಿಯೇ 30 ವ್ಯಾಟಿನ ಬಾನುಲಿ ಕೇಂದ್ರವನ್ನು ನಡೆಸಿದರು. ಕನ್ನಡದ ನುಡಿಯನ್ನು ಆಡಿದ ಕ್ಷಣದಲ್ಲಿಯೇ ದೂರಕ್ಕೆ ಮುಟ್ಟಿಸುವ ಯತ್ನಕ್ಕೆ ಅದು ಮೊದಲ ಮೆಟ್ಟಿಲುಗಳಲ್ಲೊಂದು.

ಎರಡನೆಯ ಘಟ್ಟ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅಲ್ಲಿ 1955ರಲ್ಲಿ ವಿದ್ಯುತ್ ಸಂಪರ್ಕ ಇಂಜಿನಿಯರಿಂಗಿನ ವ್ಯಾಸಂಗ ಮುಗಿಸಿದ ಬಿಷ್ಣು ಎಸ್. ಅಟಲರು 1957ರಿಂದ 1960ರವರೆಗೆ ಅಲ್ಲಿಯೇ ಉಪನ್ಯಾಸಕರಾಗಿದ್ದು, 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವನ್ನು ಸೇರಿದರು. ಹಿಂದಿನ ಮಾದರಿಗಳಿಂದ ಮುಂದಿನದನ್ನು ಲೆಕ್ಕಹಾಕಿ ಊಹಿಸುವ ವಿಧಾನವನ್ನು ಅವರು ಷ್ರೋಡರರೊಡನೆ ಸೇರಿ 1967ರಲ್ಲಿ ಮಾತಿಗೆ ಅನ್ವಯಿಸಿದರು; ಜಪಾನಿನ ಇಟಾಕುರಾ ಮತ್ತು ಸೈಟೊ ಅವರೂ ಸ್ವತಂತ್ರವಾಗಿ ಇದೇ ಮಾರ್ಗದಲ್ಲಿದ್ದರು. ಈ ಶೋಧ ಬೆಂಗಳೂರಿನದೆಂದು ಸಾಧಿಸುವುದು ಅತಿಶಯೋಕ್ತಿಯಾದೀತು. ಶೋಧಕನ ಶಿಕ್ಷಣಕ್ಕೆ ಬೆಂಗಳೂರಿನ ನಂಟುಂಟೆಂಬುದು ಮಾತ್ರ ನಿಸ್ಸಂಶಯ.

ಸಿದ್ಧಾಂತವೊಂದೇ ಸಾಲದು. 1985ರಲ್ಲಿ ಇವರೀರ್ವರೇ ಪ್ರಕಟಿಸಿದ ‘ಸೆಲ್ಪ್’ ವಿಧಾನಕ್ಕೆ, ಒಂದು ಸೆಕೆಂಡಿನ ಮಾತನ್ನು ಸಂಕೇತಿಸಲು ಕ್ರೇ-1 ಎಂಬ ಮಹಾಗಣಕದ ಮೇಲೂ ಎರಡು ನಿಮಿಷಕ್ಕಿಂತ ಹೆಚ್ಚು ಕಾಲ ಬೇಕಾಗಿತ್ತು. ಇದೇ ವಂಶದ ಸುಧಾರಿತ ವಿಧಾನಗಳು 1990ರ ದಶಕದಲ್ಲಿ ಅಂಗೈಯಗಲದ ದೂರವಾಣಿಯನ್ನು ಹೊಕ್ಕವು. ಯಂತ್ರದ ವೇಗ ಹೆಚ್ಚಿದ್ದು ಇದಕ್ಕೆ ಒಂದು ಕಾರಣ. ಅನಾವಶ್ಯಕ ಲೆಕ್ಕಗಳನ್ನು ಒಂದೊಂದಾಗಿ ಕಡಿದುಹಾಕಿದ ಇಂಜಿನಿಯರರ ಶ್ರಮ ಇನ್ನೊಂದು.

ಕಡಿಯುವುದೆಂದರೆ ಆಯ್ಕೆ ಮಾಡುವುದು. ರೂಢಿಯ ದೂರವಾಣಿ 300ರಿಂದ 3,400 ಹರ್ಟ್ಜ್‌ವರೆಗಿನ ಧ್ವನಿಯನ್ನಷ್ಟೇ ಉಳಿಸಿಕೊಂಡಿತು. ನಮ್ಮ ಸಕಾರದ ಶಕ್ತಿಯ ಬಹುಭಾಗ ಅದರಾಚೆಗಿದೆ. ತಾಯಿಯ ನುಡಿಯಲ್ಲಿ ಯಾವುದು ಉಳಿಯಬೇಕು, ಯಾವುದು ಹೋದರೂ ಸರಿ ಎಂಬ ತೀರ್ಪನ್ನು ಅವಳು ಕಾಣದ ಯಾರೋ ಕೊಟ್ಟಿದ್ದಾರೆ. ರಾಜರ ಶಾಸನಗಳನ್ನು ಓದುವ ನಾವು, ಈ ತೀರ್ಪುಗಾರರ ಟಿಪ್ಪಣಿಗಳನ್ನೂ ನೆನಪುಗಳನ್ನೂ ಅವರು ಬದುಕಿರುವಾಗಲೇ ಸಂಗ್ರಹಿಸುವುದು ಕರ್ತವ್ಯ. ಶಾಸನ ಕಲ್ಲಿನಲ್ಲಿ ಉಳಿದೀತು. ಇವರ ಬರಹವಿರುವ ಯಂತ್ರ ಹತ್ತು ವರ್ಷಕ್ಕೆ ಗುಜರಿ ಸೇರುತ್ತದೆ.