ಆರು ಪದಗಳ ಕಥೆ ಮತ್ತು ಒಂದು ತಪ್ಪೊಪ್ಪಿಗೆ

ಶನಿವಾರದ ಬೆಳಗಿನ ಶಾಲೆಯ ಕೊನೆಯ ಅವಧಿಯಲ್ಲಿ ನಾನು ಸಮಾಜ ವಿಜ್ಞಾನದ ಪುಸ್ತಕವನ್ನು ಮುಚ್ಚಿಟ್ಟು ಕಥೆ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನೆನಪಿರಬಹುದು. ಆ ಕಥೆಗಳಲ್ಲೊಂದರ ವಿಷಯವಾಗಿ ನಾನು ಹೇಳಿದ್ದ ಮಾತನ್ನು ಇಂದು ಹಿಂದಕ್ಕೆ ಪಡೆಯಬೇಕಾಗಿದೆ.

ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೇ ಒಮ್ಮೆ ಗೆಳೆಯರೊಡನೆ ಊಟಕ್ಕೆ ಕುಳಿತಿದ್ದಾಗ, ಆರೇ ಪದಗಳಲ್ಲಿ ಪೂರ್ಣ ಕಥೆಯೊಂದನ್ನು ಬರೆಯಬಲ್ಲೆನೆಂದು ಹತ್ತು ಡಾಲರ್ ಪಣ ಕಟ್ಟಿ ಗೆದ್ದನಂತೆ. ಆ ಕಥೆ ಇರುವುದು ಒಂದು ಜಾಹೀರಾತಿನ ರೂಪದಲ್ಲಿ. ಹಸುಗೂಸಿನ ಪಾದರಕ್ಷೆಗಳು ಮಾರಾಟಕ್ಕಿವೆ, ಅವನ್ನು ಒಮ್ಮೆಯೂ ತೊಡಿಸಿಲ್ಲ ಎಂಬುದಷ್ಟೇ ಅದರ ಸಾರ. ಇದನ್ನು ಹೇಳಿ ಮುಗಿಸಿದಾಗ ತರಗತಿ ಕೆಲವು ಕ್ಷಣ ಮೌನವಾಗುತ್ತಿತ್ತು. ಆ ಮೌನ ನನಗೆ ಬಹಳ ಪ್ರಿಯವಾಗಿತ್ತು.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಇದಕ್ಕೆ ಆಧಾರವೇನು ಸಾರ್?" ಎಂದು ಕೇಳಿದ. ಇತಿಹಾಸದ ಮೊದಲ ಪಾಠವಾಗಿ ಆಧಾರಗಳ ಮಹತ್ವವನ್ನು ಅವನಿಗೆ ಬೋಧಿಸಿದವನು ನಾನೇ. ಆದರೂ, "ಅಧಿಕಪ್ರಸಂಗ ಸಾಕು, ಕುಳಿತುಕೋ" ಎಂದು ಗದರಿದೆ. ಮಕ್ಕಳೆಲ್ಲ ನಕ್ಕರು. ಅವನು ಕುಳಿತುಕೊಂಡ.

ನಿವೃತ್ತಿಯ ನಂತರ ಬಿಡುವಾಗಿ ಈ ವಿಷಯವನ್ನು ಕೆದಕಿ ನೋಡಿದಾಗ ತಿಳಿದುಬಂದ ಸಂಗತಿಗಳು ಹೀಗಿವೆ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದ ಪತ್ರಿಕೆಯೊಂದು 1910ರಲ್ಲಿ ಇಂಥದೇ ಒಂದು ನಿಜವಾದ ಜಾಹೀರಾತಿನ ಕುರಿತು ಸುದ್ದಿ ಪ್ರಕಟಿಸಿತ್ತು. ಕೈಯಿಂದ ಹೊಲಿದ ಕೂಸಿನ ಬಟ್ಟೆಗಳು ಮತ್ತು ಮಂಚ ಮಾರಾಟಕ್ಕಿದ್ದವು. ಯಾವುದನ್ನೂ ಬಳಸಿರಲಿಲ್ಲ. ಆಗ ಹೆಮಿಂಗ್ವೇ ಹತ್ತು ವರ್ಷದ ಬಾಲಕ. 1917ರಲ್ಲಿ ವಿಲಿಯಂ ಕೇನ್ ಎಂಬಾತ ಲೇಖಕರಿಗಾಗಿ ಪ್ರಕಟವಾಗುತ್ತಿದ್ದ ಪತ್ರಿಕೆಯೊಂದರಲ್ಲಿ, ಮಗುವನ್ನು ಕಳೆದುಕೊಂಡ ತಾಯಿಯ ಕಥೆಗೆ ಎಂದೂ ತೊಡದ ಪುಟ್ಟ ಪಾದರಕ್ಷೆಗಳ ಶೀರ್ಷಿಕೆಯನ್ನೇ ಸೂಚಿಸಿದ್ದ. ಹೆಮಿಂಗ್ವೇ 1961ರಲ್ಲಿ ತೀರಿಕೊಂಡ. ಇದುವರೆಗೆ ದೊರೆತಿರುವ ದಾಖಲೆಗಳ ಪ್ರಕಾರ, ಪಣದ ಪ್ರಸಂಗ ಅವನ ಹೆಸರಿನೊಡನೆ ಪುಸ್ತಕವೊಂದರಲ್ಲಿ ಅಚ್ಚಾದದ್ದು 1991ರಲ್ಲಿ, ಅಂದರೆ ಅವನು ಸತ್ತು 30 ವರ್ಷಗಳಾದ ಮೇಲೆ. ಅವನೇ ಅದನ್ನು ಬರೆದನೆಂಬುದಕ್ಕೆ ಆಧಾರವಿಲ್ಲ.

ಹಾಗಾದರೆ ಕಥೆಯ ಬೆಲೆ ಕುಗ್ಗಿತೇ? ಇಲ್ಲವೆಂದೇ ನನ್ನ ಭಾವನೆ. ಅದು ನಮ್ಮನ್ನು ಕಲಕುವುದು ಬರೆದವನ ಹೆಸರಿನಿಂದಲ್ಲ, ಹೇಳದೆ ಬಿಟ್ಟ ಒಂದು ಸಂಗತಿಯಿಂದ. ಸಾವು ಎಂಬ ಮಾತು ಅಲ್ಲೆಲ್ಲೂ ಇಲ್ಲ. ಅದನ್ನು ತಂದಿಡುವವನು ಓದುಗ. 1921ರಲ್ಲಿ 'ಜಡ್ಜ್' ಎಂಬ ಹಾಸ್ಯಪತ್ರಿಕೆ ಇದನ್ನೇ ತಿರುಗಿಸಿ ನಗಿಸಿತ್ತು. ಬಳಸದ ಕೂಸಿನ ಗಾಡಿಯ ಜಾಹೀರಾತನ್ನು ಕಂಡು ಮರುಗಿದವನೊಬ್ಬ ವಿಚಾರಿಸಿದರೆ, ಆ ಮನೆಯಲ್ಲಿ ಹುಟ್ಟಿದ್ದು ಅವಳಿ ಮಕ್ಕಳು. ಒಂಟಿ ಗಾಡಿ ಸಾಲದಾಗಿತ್ತು, ಅಷ್ಟೇ! ಅವೇ ಪದಗಳು, ಬೇರೆಯದೇ ಕಥೆ. ಓದುಗನಿಗೆ ಬಿಟ್ಟ ಜಾಗ ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ.

ಕರ್ತೃತ್ವದ ಬಗ್ಗೆ ಸಂಶಯವೇ ಇಲ್ಲದ ಉದಾಹರಣೆ ನಮ್ಮ ಉಪಖಂಡದಲ್ಲೇ ಇದೆ. ದೇಶ ವಿಭಜನೆಯ ಹತ್ಯಾಕಾಂಡವನ್ನು ಕುರಿತು ಸಾದತ್ ಹಸನ್ ಮಂಟೋ ಉರ್ದುವಿನಲ್ಲಿ ಬರೆದ 'ಸಿಯಾಹ್ ಹಾಶಿಯೇ' 1948ರಲ್ಲಿ ಪ್ರಕಟವಾಯಿತು. ಕಪ್ಪು ಅಂಚುಗಳು ಎಂದು ಅದರ ಅರ್ಥ. ಅದರ ಕೆಲವು ಕಥೆಗಳು ಒಂದೆರಡು ಸಾಲುಗಳಲ್ಲೇ ಮುಗಿದುಹೋಗುತ್ತವೆ. ಕೊಂದವನ ಮತ ಯಾವುದು, ಸತ್ತವನ ಮತ ಯಾವುದು ಎಂಬುದನ್ನು ಮಂಟೋ ಅನೇಕ ಕಡೆ ಹೇಳುವುದೇ ಇಲ್ಲ. ಅದನ್ನು ಬಿಟ್ಟದ್ದು ಪದಗಳ ಮಿತವ್ಯಯಕ್ಕಾಗಿ ಅಲ್ಲ. ಹೇಳಿದ್ದರೆ ಓದುಗನಿಗೆ ಒಂದು ಪಕ್ಷ ಸಿಕ್ಕಿಬಿಡುತ್ತಿತ್ತು. ಹೇಳದಿದ್ದುದರಿಂದ ಉಳಿದದ್ದು ಮನುಷ್ಯ ಮಾತ್ರ.

ಅತಿ ಸಣ್ಣ ಕಥೆ ಎಂದರೆ ದೊಡ್ಡ ಕಥೆಯ ಸಂಕ್ಷೇಪವಲ್ಲ. ಪರೀಕ್ಷೆಯಲ್ಲಿ ನಿಮ್ಮಿಂದ ಬರೆಸುತ್ತಿದ್ದ ಸಾರಾಂಶಕ್ಕೂ ಅದಕ್ಕೂ ಸಂಬಂಧವಿಲ್ಲ. ಬರೆಯುವ ಆಸೆ ಉಳ್ಳವರು ಏನನ್ನು ಬಿಡಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಲಿ. ಬಿಟ್ಟದ್ದು ಓದುಗನಿಗೆ ತಾನಾಗಿಯೇ ಎಟುಕುವಂತಿರಬೇಕು, ಎಟುಕಿದಾಗ ಅವನ ಮನಸ್ಸಿಗೆ ತಾಗಬೇಕು. ಎಟುಕದಿದ್ದರೆ ಅದು ಒಗಟು. ಮೊದಲೇ ಗೊತ್ತಾದರೆ ಚಟಾಕಿ.

ಕಥೆಯಲ್ಲಿ ಬಿಟ್ಟ ಜಾಗವನ್ನು ಊಹೆಯಿಂದ ತುಂಬಬಹುದು, ತುಂಬಲೇಬೇಕು. ಇತಿಹಾಸದಲ್ಲಿ ಹಾಗೆ ಮಾಡಲಾಗದು. ಯಾರೋ ಹೆಸರಿಲ್ಲದವರ ಮನೆಯ ದುಃಖಕ್ಕೆ ದೊಡ್ಡ ಹೆಸರೊಂದನ್ನು ಅಂಟಿಸಿ ವರ್ಷಾನುಗಟ್ಟಲೆ ಮಾರಿದವರಲ್ಲಿ ನಾನೂ ಒಬ್ಬ. ತರಗತಿಯ ಮೌನ ನನಗೆ ಸತ್ಯಕ್ಕಿಂತ ಹೆಚ್ಚು ಪ್ರಿಯವಾಗಿತ್ತು.

ಆ ಹಿಂದಿನ ಬೆಂಚಿನ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಇದನ್ನು ಓದುತ್ತಿದ್ದರೆ, ಅಂದು ತರಗತಿಯಲ್ಲಿ ಹೇಳಬೇಕಾಗಿದ್ದ ಮಾತನ್ನು ಎಲ್ಲರ ಎದುರಿಗೆ ಈಗ ಹೇಳುತ್ತೇನೆ. ಏಳಪ್ಪಾ, ಎದ್ದು ನಿಲ್ಲು. ನಿನ್ನ ಪ್ರಶ್ನೆ ಸರಿಯಾಗಿತ್ತು.