ದನಕ್ಕೆ ಬರ, ಕೌಂಟಿಗೆ ಚೆಕ್ಕು

ಈ ದೇಶಕ್ಕೆ ಬಂದು ಎಷ್ಟೇ ವರ್ಷಗಳಾಗಿದ್ದರೂ ನಮ್ಮಲ್ಲಿ ಹೆಚ್ಚಿನವರಿಗೆ ಅಮೆರಿಕವೆಂದರೆ ಪಟ್ಟಣ, ಆಫೀಸು, ಆಸ್ಪತ್ರೆ, ಹೆದ್ದಾರಿ. ಆದರೆ ಆ ಹೆದ್ದಾರಿಯ ಬೇಲಿಯಾಚೆ ಮೇಯುವ ದನಗಳಿಗೂ ಅವುಗಳ ಒಡೆಯರಿಗೂ ಒಂದು ಇತಿಹಾಸವಿದೆ. ಬರ ಬಿದ್ದಾಗ ಸರ್ಕಾರ ಯಾರಿಗೆ, ಯಾವ ಲೆಕ್ಕದಲ್ಲಿ ಹಣ ಕೊಡಬೇಕು? ನಮ್ಮೂರ ರೈತರಿಗೂ ಹೊಸದಲ್ಲದ ಈ ಪ್ರಶ್ನೆ ಆ ಇತಿಹಾಸದ ಉದ್ದಕ್ಕೂ ಕಾಣುತ್ತದೆ.

1934ರ ಬೇಸಿಗೆಯಲ್ಲಿ ಟೆಕ್ಸಾಸಿನಿಂದ ಡಕೋಟಾಗಳವರೆಗೆ ಹುಲ್ಲು, ನೀರು ಎರಡೂ ಇರಲಿಲ್ಲ. ದನ ಮಾರೋಣವೆಂದರೆ ಕೊಳ್ಳುವವರಿಲ್ಲ. ಆಗ ರೂಸ್‌ವೆಲ್ಟ್ ಸರ್ಕಾರ ತೀವ್ರ ಬರಪೀಡಿತವೆಂದು ಘೋಷಿಸಿದ ಕೌಂಟಿಗಳಲ್ಲಿ ತಾನೇ ದನ ಕೊಳ್ಳತೊಡಗಿತು. ಕೌಂಟಿಯೆಂದರೆ ನಮ್ಮ ತಾಲ್ಲೂಕಿನ ಹಾಗೆ ಎಂದಿಟ್ಟುಕೊಳ್ಳಿ. ಎರಡು ವರ್ಷ ದಾಟಿದ ದನಕ್ಕೆ 12ರಿಂದ 20 ಡಾಲರು, ಕರುವಿಗೆ 4ರಿಂದ 8 ಡಾಲರು. 1935ರ ಆರಂಭದ ಹೊತ್ತಿಗೆ ಸುಮಾರು 83 ಲಕ್ಷ ದನಗಳಿಗೆ 11 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿತ್ತು. ತಿನ್ನಲು ಯೋಗ್ಯವಲ್ಲದಷ್ಟು ಸೊರಗಿದ ದನಗಳನ್ನು ಅಲ್ಲಿಯೇ ಗುಂಡಿಕ್ಕಿ ಕೊಂದರು. ಉಳಿದವುಗಳ ಮಾಂಸ ಡಬ್ಬಿಗಳಲ್ಲಿ ನಿರುದ್ಯೋಗಿಗಳ ಮನೆ ಸೇರಿತು. ಓದುವಾಗ ನಮಗೆ ಮನಸ್ಸು ಕಲಕುತ್ತದೆ. ಸಾಕಿದವರಿಗೂ ಅದು ಸುಲಭದ ಮಾತಾಗಿರಲಿಲ್ಲ.

ಆ ಯೋಜನೆಯಲ್ಲಿ ಒಂದು ಜಾಣತನವಿತ್ತು. ಬಹಳಷ್ಟು ದನಗಳು ಸಾಲಕ್ಕೆ ಅಡವಾಗಿದ್ದವು. ಪೂರ್ತಿ ಬೆಲೆಯನ್ನು ಸಾಲಗಾರ ಬ್ಯಾಂಕು ಹಿಡಿದುಕೊಂಡರೆ ಒಡೆಯನ ಮನೆಗೆ ಏನು ಉಳಿದೀತು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಕಥೆಯಾದೀತು. ಅದಕ್ಕಾಗಿ ಹಣವನ್ನು ಎರಡು ಭಾಗ ಮಾಡಿದರು. ದೊಡ್ಡ ದನವೊಂದಕ್ಕೆ 6ರಿಂದ 14 ಡಾಲರು ಖರೀದಿಯ ಹಣ. ಇದರ ಮೇಲೆ ಸಾಲ ಕೊಟ್ಟವರಿಗೆ ಹಕ್ಕುಂಟು. ಮಿಕ್ಕ 6 ಡಾಲರು ಸಹಾಯಧನ. ಅದು ಒಡೆಯನಿಗೇ ಸೇರತಕ್ಕದ್ದು, ಬ್ಯಾಂಕು ಮುಟ್ಟುವಂತಿಲ್ಲ. ಆ ಆರು ಡಾಲರು ಕುಟುಂಬದ ದಿನಸಿಗೆ ಆಯಿತು.

ಈ ವಿವೇಕ ಮುಂದೆ ಎಲ್ಲ ಕಾಲದಲ್ಲೂ ಉಳಿಯಲಿಲ್ಲ. 2002-03ರ ಜಾನುವಾರು ಪರಿಹಾರ ಯೋಜನೆಯಲ್ಲಿ ಸುಮಾರು 120 ಕೋಟಿ ಡಾಲರು ಹಂಚಿದರು. ಕೌಂಟಿಯ ಹೆಸರು ವಿಪತ್ತಿನ ಪಟ್ಟಿಯಲ್ಲಿದ್ದರೆ ಸಾಕು, ನಷ್ಟ ತೋರಿಸಬೇಕಾಗಿರಲಿಲ್ಲ. ತಲೆಯೆಣಿಸಿ ಚೆಕ್ಕು ಬರುತ್ತಿತ್ತು. ನಮ್ಮ ಕರ್ನಾಲಿನ ಮಗಳು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ 2003ರ ಫೆಬ್ರವರಿ 1ರಂದು ಛಿದ್ರವಾಗಿ ಪೂರ್ವ ಟೆಕ್ಸಾಸಿನ ಮೇಲೆ ಬಿತ್ತಷ್ಟೆ. ಅವಶೇಷ ಹುಡುಕಲೆಂದು ಮಾಡಿದ ಆ ವಿಪತ್ತು ಘೋಷಣೆಯ ಆಧಾರದಲ್ಲಿಯೂ ಅಲ್ಲಿಯ ದನದ ಒಡೆಯರಿಗೆ ಹಣ ಸಂದಿತು! 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದನ್ನು ಬಯಲಿಗೆಳೆಯಿತು. ರೋಗಿಯ ನಾಡಿ ಹಿಡಿಯದೆ ಊರಿಗೆಲ್ಲ ಒಂದೇ ಔಷಧಿ ಬರೆದುಕೊಟ್ಟಂತಾಯಿತು ಇದು.

ಇದಕ್ಕೆ ತದ್ವಿರುದ್ಧವಾದದ್ದು 2013ರ ಅಕ್ಟೋಬರಿನಲ್ಲಿ ನಡೆಯಿತು. ಪಶ್ಚಿಮ ದಕ್ಷಿಣ ಡಕೋಟಾದಲ್ಲಿ ಅಕಾಲದ ಹಿಮಬಿರುಗಾಳಿಗೆ ಸಾವಿರಾರು ದನಗಳು ಸತ್ತವು. ಚಳಿಗಾಲದ ದಪ್ಪ ರೋಮ ಅವಕ್ಕೆ ಇನ್ನೂ ಬಂದಿರಲಿಲ್ಲ. ಸತ್ತ ದನಕ್ಕೆ ಪರಿಹಾರ ಕೊಡುವ ಯೋಜನೆಯ ಅವಧಿ ಆ ಮೊದಲೇ ಮುಗಿದಿತ್ತು. ಸಾಲದ್ದಕ್ಕೆ ಅದೇ ವಾರ ಬಜೆಟ್ ಜಗಳದಿಂದ ಕೇಂದ್ರ ಸರ್ಕಾರದ ಕಚೇರಿಗಳಿಗೆ ಬೀಗ. ನಷ್ಟ ಕಣ್ಣೆದುರಿಗೇ ಬಿದ್ದಿತ್ತು, ಎಣಿಸುವವರಿರಲಿಲ್ಲ. ಮುಂದೆಂದಾದರೂ ಬೇಕಾದೀತೆಂದು ಜನ ಸತ್ತ ದನಗಳ ಫೋಟೋ ತೆಗೆದಿಟ್ಟುಕೊಂಡರು. 2014ರ ಫೆಬ್ರವರಿಯಲ್ಲಿ ಬಂದ ಕೃಷಿ ಕಾಯಿದೆ ಯೋಜನೆಯನ್ನು ಶಾಶ್ವತಗೊಳಿಸಿ, ಹಿಂದಿನ ನಷ್ಟಕ್ಕೂ ಅನ್ವಯಿಸಿತು. ಮಾರುಕಟ್ಟೆ ಬೆಲೆಯ ಶೇಕಡ 75ರಷ್ಟು ಪರಿಹಾರ. ದಾಖಲೆ ಇಟ್ಟವರು ಉಳಿದುಕೊಂಡರು.

ಪಟ್ಟಿ ನೋಡಿ ಕೊಟ್ಟ ಹಣ ಪೋಲಾಗುತ್ತದೆ. ತಡವಾಗಿ ಕೊಟ್ಟದ್ದು ಕೆಲವರನ್ನು ಮುಟ್ಟುವುದೇ ಇಲ್ಲ. ದನವನ್ನು ಕಣ್ಣಾರೆ ನೋಡಿ, ಎಣಿಸಿ, ಮನೆಯವರ ಪಾಲನ್ನು ಬೇರೆ ಇಟ್ಟ 1934ರ ಆ ಆರು ಡಾಲರಿನ ಲೆಕ್ಕವೇ ನನಗೆ ಮೆಚ್ಚುಗೆ. ನಮ್ಮ ಮಕ್ಕಳು ಶಾಲೆಯಲ್ಲಿ ಡಸ್ಟ್ ಬೌಲ್ ಪಾಠ ಓದುವಾಗ ಧೂಳಿನ ಚಿತ್ರಗಳ ಜೊತೆಗೆ ಈ ಲೆಕ್ಕವನ್ನೂ ಅವರಿಗೆ ಹೇಳಿಕೊಡಿ.