ಕೋಶದ ಹೊರಗಿನ ಸುದ್ದಿ ಒಳಗೆ ತಲುಪುವುದು ಹೇಗೆ?

ಆಗತಾನೆ ಹುಟ್ಟಿದ ಇಲಿಮರಿಯ ಕಣ್ಣು ತೆರೆಯಲು ಸಾಮಾನ್ಯವಾಗಿ 12ರಿಂದ 14 ದಿನ ಬೇಕು. ಆದರೆ ಗಂಡಿಲಿಯ ಲಾಲಾಗ್ರಂಥಿಯ ಸಾರವನ್ನು ದಿನವೂ ಚುಚ್ಚಿಸಿಕೊಂಡ ಮರಿಗಳು ಏಳನೆಯ ದಿನಕ್ಕೇ ಕಣ್ಣು ಬಿಟ್ಟವು. ಬಾಚಿಹಲ್ಲುಗಳೂ ಬೇಗ ಮೂಡಿದವು. ಇದನ್ನು ಗಮನಿಸಿದವರು ಅಮೆರಿಕದ ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೊಹೆನ್. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೀಟಾ ಲೆವಿ-ಮೊಂಟಾಲ್ಚೀನಿಯವರ ಜೊತೆಗೂಡಿ ಅವರು ಹುಡುಕುತ್ತಿದ್ದುದು ನರತಂತುಗಳನ್ನು ಬೆಳೆಸುವ ವಸ್ತುವನ್ನು. ಕಣ್ಣು ಬೇಗ ತೆರೆಸಿದ್ದು ಅದಲ್ಲ, ಸಾರದಲ್ಲಿ ಬೆರೆತಿದ್ದ ಬೇರೊಂದು ವಸ್ತು. ಕಲ್ಮಶವೆಂದು ಅದನ್ನು ಬಿಟ್ಟುಬಿಡಬಹುದಿತ್ತು. ಕೊಹೆನ್ ಬಿಡಲಿಲ್ಲ. 1959ರಲ್ಲಿ ನ್ಯಾಶ್‌ವಿಲ್‌ನ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಸೇರಿದ ಅವರು 1962ರಲ್ಲಿ ಅದನ್ನು ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಕೇವಲ 53 ಅಮೈನೋ ಆಮ್ಲಗಳ ಈ ಪ್ರೋಟೀನು ಹೊರಚರ್ಮದ ಕೋಶಗಳನ್ನು ಬೆಳೆಯುವಂತೆ ಪ್ರಚೋದಿಸುತ್ತದೆ. ಆದ್ದರಿಂದ ಅದಕ್ಕೆ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಸಂಕ್ಷೇಪವಾಗಿ ಇಜಿಎಫ್, ಎಂಬ ಹೆಸರಾಯಿತು.

ಇಜಿಎಫ್ ನೀರಿನಲ್ಲಿ ಕರಗುವ ಅಣು. ಮೇದಸ್ಸಿನಿಂದಾದ ಕೋಶಪೊರೆಯನ್ನು ಅದು ತಾನಾಗಿ ದಾಟಲಾರದು. ಪೊರೆಯಲ್ಲಿ ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನು ಇದೆಯೆಂದು 1975ರ ವೇಳೆಗೆ ಗ್ರಹಾಂ ಕಾರ್ಪೆಂಟರ್ ಮತ್ತು ಕೊಹೆನ್ ತೋರಿಸಿದ್ದರು. ಹಿಡಿದದ್ದು ಹೊರಗೆ, ಬದಲಾವಣೆ ಆಗಬೇಕಾದದ್ದು ಒಳಗೆ. ನಡುವೆ ಏನು ನಡೆಯುತ್ತದೆ?

ಇದಕ್ಕೆ ಕೊಹೆನ್ ತಂಡ ಆರಿಸಿಕೊಂಡದ್ದು ಎ-431 ಎಂಬ ಮಾನವ ಕ್ಯಾನ್ಸರ್ ಕೋಶ. ಅದರ ಒಂದೊಂದು ಕೋಶದ ಮೇಲೂ ಸುಮಾರು 20 ಲಕ್ಷ ಗ್ರಾಹಕಗಳಿವೆ. 1978ರಲ್ಲಿ ಅವರು ಕೋಶಗಳನ್ನು ಒಡೆದು, ಪೊರೆಯ ಚೂರುಗಳನ್ನಷ್ಟೇ ತೆಗೆದುಕೊಂಡು, ವಿಕಿರಣಶೀಲ ರಂಜಕವಿದ್ದ ಎಟಿಪಿಯನ್ನು ಬೆರೆಸಿದರು. ಇಜಿಎಫ್ ಸೇರಿಸಿದೊಡನೆ ಪೊರೆಯ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಕೊಳ್ಳುವುದು ಹೆಚ್ಚಿತು. ಫಾಸ್ಫೇಟ್ ಅಂಟಿಸುವ ಕಿಣ್ವಕ್ಕೆ ಕೈನೇಸ್ ಎಂದು ಹೆಸರು. ಕೋಶಕೇಂದ್ರವಿಲ್ಲ, ಕೋಶರಸವಿಲ್ಲ; ಆದರೂ ಸಂಕೇತದ ಮೊದಲ ಹೆಜ್ಜೆ ಪ್ರನಾಳದಲ್ಲಿ ನಡೆಯಿತು! ಇಡೀ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ಪ್ರಯೋಗವಿದು.

ನಂತರ ಗ್ರಾಹಕವನ್ನು ಶುದ್ಧೀಕರಿಸಲು ಹೊರಟಾಗ ಒಂದು ವಿಚಿತ್ರ ಎದುರಾಯಿತು. ಇಜಿಎಫ್ ಅಂಟಿಸಿದ ಮಣಿಗಳ ಸ್ತಂಭದಲ್ಲಿ ಗ್ರಾಹಕವನ್ನು ಹಿಡಿದು ಎಷ್ಟು ತೊಳೆದರೂ ಕೈನೇಸ್ ಅದರ ಜೊತೆಯಲ್ಲೇ ಬರುತ್ತಿತ್ತು. ಎರಡು ಪ್ರೋಟೀನುಗಳು ಬಿಗಿಯಾಗಿ ಅಂಟಿಕೊಂಡಿವೆಯೇ, ಅಥವಾ ಗ್ರಾಹಕವೇ ಕಿಣ್ವವೇ?

ಇದೇ ಸಮಯದಲ್ಲಿ ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯಲ್ಲಿ ಟೋನಿ ಹಂಟರ್ ಪಾಲಿಯೋಮಾ ವೈರಸ್ಸಿನ ಒಂದು ಪ್ರೋಟೀನನ್ನು ಅಭ್ಯಸಿಸುತ್ತಿದ್ದರು. ಫಾಸ್ಫೇಟ್ ಸೇರುವುದು ಸೆರೀನ್ ಅಥವಾ ಥ್ರಿಯೋನಿನ್ ಎಂಬ ಅಮೈನೋ ಆಮ್ಲಕ್ಕೆ ಎಂಬುದು ಅಂದಿನ ತಿಳಿವಳಿಕೆ. ಇವನ್ನು ಬೇರ್ಪಡಿಸಲು ವಿದ್ಯುತ್ ಕ್ಷೇತ್ರದಲ್ಲಿ ಓಡಿಸುತ್ತಾರೆ. ಅಣುವಿನ ಆವೇಶ ದ್ರಾವಣದ ಪಿಎಚ್ ಅನ್ನು ಅವಲಂಬಿಸುತ್ತದೆ, ವೇಗ ಆವೇಶವನ್ನು. 1979ರಲ್ಲಿ ಹಂಟರ್ ಬಳಸಿದ್ದು ಹಳೆಯ ಬಫರ್ ದ್ರಾವಣ, 1.9 ಇರಬೇಕಾಗಿದ್ದ ಅದರ ಪಿಎಚ್ 1.7ಕ್ಕೆ ಇಳಿದಿತ್ತು. ಆಗ ಯಾರೂ ನಿರೀಕ್ಷಿಸದ ಜಾಗದಲ್ಲಿ ಹೊಸ ಚುಕ್ಕೆಯೊಂದು ಕಂಡಿತು. ಅದು ಫಾಸ್ಫೇಟ್ ಸೇರಿದ ಟೈರೋಸಿನ್. ಸರಿಯಾದ ಬಫರಿನಲ್ಲಿ ಅದು ಥ್ರಿಯೋನಿನ್‌ನ ಚುಕ್ಕೆಯೊಡನೆ ಕಲೆತುಹೋಗುತ್ತಿತ್ತು. ಸಾಮಾನ್ಯ ಕೋಶದ ಪ್ರೋಟೀನುಗಳಿಗೆ ಸೇರಿದ ಫಾಸ್ಫೇಟಿನಲ್ಲಿ ಟೈರೋಸಿನ್ನಿನ ಪಾಲು ಸುಮಾರು ಶೇ. 0.03 ಮಾತ್ರ. ಕೊಹೆನ್ ತಂಡ ಕೂಡ ತಮ್ಮ ಗ್ರಾಹಕದಲ್ಲಿ ಥ್ರಿಯೋನಿನ್ ಎಂದೇ ಬರೆದಿತ್ತು; 1980ರಲ್ಲಿ ಮರುಪರೀಕ್ಷಿಸಿದಾಗ ಅಲ್ಲಿಯೂ ಟೈರೋಸಿನ್ ಸಿಕ್ಕಿತು.

ಗ್ರಾಹಕವೇ ಕಿಣ್ವವೆಂಬುದು 1984ರಲ್ಲಿ ಖಚಿತವಾಯಿತು. ಆಕ್ಸೆಲ್ ಉಲ್ರಿಚ್ ಮತ್ತು ಸಂಗಡಿಗರು ಗ್ರಾಹಕದ ಪೂರ್ಣ ಅನುಕ್ರಮವನ್ನು ಓದಿದರು: ಹೊರಗೆ 621, ಪೊರೆಯೊಳಗೆ 23, ಕೋಶದೊಳಗೆ 542 ಅಮೈನೋ ಆಮ್ಲಗಳು. ಒಳಭಾಗದಲ್ಲಿ ಕೈನೇಸ್ ಸ್ಪಷ್ಟವಾಗಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಡೌನ್‌ವರ್ಡ್, ವಾಟರ್‌ಫೀಲ್ಡ್ ಮತ್ತಿತರರು, ಕೋಳಿಗಳಲ್ಲಿ ರಕ್ತಕ್ಯಾನ್ಸರ್ ತರುವ ವೈರಸ್ಸೊಂದರ ಜೀನು ಈ ಗ್ರಾಹಕದ್ದೇ ತುಂಡು ಎಂದು ಕಂಡುಕೊಂಡರು. ಆ ತುಂಡಿಗೆ ಹೊರಭಾಗ ಬಹುಪಾಲು ಇಲ್ಲ. ಹೀಗಾಗಿ ಅದು ಇಜಿಎಫ್‌ಗೆ ಕಾಯುವುದೇ ಇಲ್ಲ, ಸದಾ ಚಾಲೂ. 1986ರಲ್ಲಿ ಕೊಹೆನ್ ಮತ್ತು ಲೆವಿ-ಮೊಂಟಾಲ್ಚೀನಿಯವರಿಗೆ ನೊಬೆಲ್ ಬಹುಮಾನ ಸಂದಿತು.

ಭೌತವಿಜ್ಞಾನಿಗೆ ಮಾತ್ರ ನೆಮ್ಮದಿ ಸಿಗಲಿಲ್ಲ. ಪೊರೆಯನ್ನು ದಾಟುವುದು 23 ಅಮೈನೋ ಆಮ್ಲಗಳ ಒಂದೇ ಸುರುಳಿ, ಉದ್ದ ಸುಮಾರು 3.5 ನ್ಯಾನೊಮೀಟರ್. ದ್ರವದಂಥ ಪೊರೆಯಲ್ಲಿ ತೇಲುವ ಇಂಥ ಒಂಟಿ ಎಳೆ ಸನ್ನೆಗೋಲಿನಂತೆ ಕೆಲಸ ಮಾಡುವುದು ಕಷ್ಟ. 1987ರಲ್ಲಿ ಯೋಸೆಫ್ ಯಾರ್ಡೆನ್ ಮತ್ತು ಜೋಸೆಫ್ ಶ್ಲೆಸಿಂಗರ್ ಉತ್ತರ ಕೊಟ್ಟರು: ಇಜಿಎಫ್ ಸೇರಿದಾಗ ಎರಡು ಗ್ರಾಹಕಗಳು ಜೋಡಿಯಾಗುತ್ತವೆ, ಒಂದರ ಟೈರೋಸಿನ್‌ಗೆ ಇನ್ನೊಂದು ಫಾಸ್ಫೇಟ್ ಅಂಟಿಸುತ್ತದೆ. (ಶ್ಲೆಸಿಂಗರ್ ಪದವಿಯಲ್ಲಿ ಭೌತವಿಜ್ಞಾನ ಓದಿದವರು!) ಎಳೆಯ ಮೂಲಕ ಬಲ ಸಾಗಬೇಕಿಲ್ಲ, ಸಾಮೀಪ್ಯ ಸಾಕು.

ಮುಂದಿನ ಹೆಜ್ಜೆಯಲ್ಲೂ ಇದೇ ಉಪಾಯ. ಎಸ್‌ಎಚ್2 ಎಂಬ ಪ್ರೋಟೀನ್ ತುಣುಕನ್ನು ಟೋನಿ ಪಾಸನ್ ತಂಡ 1986ರಲ್ಲಿ ಗುರುತಿಸಿತ್ತು. ಫಾಸ್ಫೇಟ್ ಹೊತ್ತ ಟೈರೋಸಿನ್ನನ್ನು ಅದು ಕೈಹಿಡಿಯುತ್ತದೆ ಎಂಬುದು 1990ರಲ್ಲಿ ತಿಳಿಯಿತು. ಫಾಸ್ಫೊಲೈಪೇಸ್ ಸಿ-ಗಾಮಾ ಕಿಣ್ವದಲ್ಲಿ ಇಂಥ ಎರಡು ತುಣುಕುಗಳಿವೆ. ಕೋಶರಸದಲ್ಲಿ ಅಲೆಯುವ ಅದು ಗ್ರಾಹಕಕ್ಕೆ ಅಂಟಿದಾಗ, ತಾನು ಕತ್ತರಿಸಬೇಕಾದ ಮೇದಸ್ಸು ಇರುವ ಪೊರೆಯ ಪಕ್ಕಕ್ಕೇ ಬರುತ್ತದೆ. ಜಾತ್ರೆಯಲ್ಲಿ ಒಬ್ಬರನ್ನು ಹುಡುಕುವುದಕ್ಕೂ ಓಣಿಯಲ್ಲಿ ಹುಡುಕುವುದಕ್ಕೂ ಇರುವಷ್ಟು ವ್ಯತ್ಯಾಸ. ಜೊತೆಗೆ ಗ್ರಾಹಕವು ಈ ಕಿಣ್ವಕ್ಕೂ ಫಾಸ್ಫೇಟ್ ಅಂಟಿಸುತ್ತದೆ. ಕ್ರಿಯಾಸ್ಥಾನವನ್ನು ಮುಚ್ಚಿದ್ದ ತಡೆ ಸರಿಯುತ್ತದೆ. ಕತ್ತರಿಸಿದ ಒಂದು ತುಂಡು ಕೋಶದ ಕ್ಯಾಲ್ಸಿಯಂ ದಾಸ್ತಾನನ್ನು ತೆರೆಸಿದರೆ, ಪೊರೆಯಲ್ಲುಳಿದ ಇನ್ನೊಂದು ಪ್ರೋಟೀನ್ ಕೈನೇಸ್-ಸಿ ಯನ್ನು ಎಬ್ಬಿಸುತ್ತದೆ. ರಾಸ್ ಎಂಬ ಪ್ರೋಟೀನಿಗೆ ಸುದ್ದಿ ಮುಟ್ಟಿಸುವ ಸೋಸ್ ಕೂಡ ಹೀಗೆಯೇ, ಗ್ರಬ್-2 ಎಂಬ ಮಧ್ಯವರ್ತಿಯ ಕೈಹಿಡಿದು ಗ್ರಾಹಕದ ಬಳಿ ಬರುತ್ತದೆಂದು 1993ರಲ್ಲಿ ಗೊತ್ತಾಯಿತು.

ಕೈನೇಸ್‌ನ ಎಟಿಪಿ ಜಾಗವನ್ನು ಆಕ್ರಮಿಸುವ ಜೆಫಿಟಿನಿಬ್ ಔಷಧಕ್ಕೆ ಅಮೆರಿಕದಲ್ಲಿ 2003ರಲ್ಲಿ ಅನುಮತಿ ದೊರೆಯಿತು. ಶ್ವಾಸಕೋಶದ ಕ್ಯಾನ್ಸರಿನ ಕೆಲವರಲ್ಲಷ್ಟೇ ಅದು ಚೆನ್ನಾಗಿ ಫಲಿಸುವುದೇಕೆಂದು 2004ರಲ್ಲಿ ತಿಳಿಯಿತು: ಅಂಥವರ ಗ್ರಾಹಕದ ಕೈನೇಸ್ ಭಾಗದಲ್ಲಿ ಉತ್ಪರಿವರ್ತನೆಯಿತ್ತು.

ಜೋಡಿಯಾದ ಕೈನೇಸ್‌ಗಳು ಸರಿಸಮಾನರೆಂಬ ಭಾವನೆಯೂ ಉಳಿಯಲಿಲ್ಲ. 2006ರಲ್ಲಿ ಬರ್ಕ್ಲಿಯ ಜಾನ್ ಕುರಿಯನ್ ತಂಡ ತೋರಿಸಿದಂತೆ, ಒಂದು ಕೈನೇಸ್ ಇನ್ನೊಂದರ ಪಕ್ಕೆಗೆ ಒರಗಿ ಅದನ್ನು ಕ್ರಿಯಾಶೀಲ ಆಕಾರಕ್ಕೆ ತಳ್ಳುತ್ತದೆ. ಒರಗುವುದು ಸ್ವತಃ ಕೆಲಸ ಮಾಡಬೇಕಿಲ್ಲ. ಇದೇ ಕುಟುಂಬದ ಹರ್-3 ಎಂಬ ಗ್ರಾಹಕದ ಕೈನೇಸ್ ಬಹುಮಟ್ಟಿಗೆ ನಿಷ್ಕ್ರಿಯವಾಗಿದ್ದರೂ ಜೋಡಿಯನ್ನು ಎಚ್ಚರಿಸಬಲ್ಲದೇಕೆಂಬ ಹಳೆಯ ಒಗಟಿಗೂ ಇದರಿಂದ ವಿವರಣೆ ಸಿಕ್ಕಿತು.